ಮೌಲ್ಯ ಎಲ್ಲಾ ಒಂದೇ, ಮೆಮ್‌ಕಂಪ್ ಮಾತ್ರ ‘ಬೇರೆ’ ಅನ್ನುತ್ತಿದೆ

ಪ್ರಶ್ನೆ: ನಮ್ಮದು ಚಿಕ್ಕ ಕಂಪನಿ. ಹಳ್ಳಿಗಳ ಹಾಲು ಸಂಗ್ರಹ ಕೇಂದ್ರಗಳಿಗೆ ತೂಕದ ಯಂತ್ರ ಮಾಡುತ್ತೇವೆ. ಅದರ ಫರ್ಮ್‌ವೇರ್ (ಚಿಪ್ ಒಳಗೆ ಓಡುವ ಸಾಫ್ಟ್‌ವೇರ್) ಬರೆಯುವವನು ನಾನು, ಎಲ್ಲಾ ಸಿ ಭಾಷೆಯಲ್ಲಿ. ಆರು ವರ್ಷ ಎಟಿಮೆಗಾ328 ಚಿಪ್ ಮೇಲೆ ಏನೂ ತೊಂದರೆ ಇರಲಿಲ್ಲ. ಈ ವರ್ಷ ಎಸ್‌ಟಿಎಂ32 ಚಿಪ್‌ಗೆ ಬದಲಾಯಿಸಿದೆವು. ಸೆಟ್ಟಿಂಗ್‌ಗಳೆಲ್ಲ ಒಂದು ಸ್ಟ್ರಕ್ಟ್‌ನಲ್ಲಿವೆ (ಹಲವು ಮೌಲ್ಯಗಳನ್ನು ಒಟ್ಟಿಗೆ ಇಡುವ ಗುಂಪು): ಮೋಡ್, ತೂಕದ ತಿದ್ದುಪಡಿ, ಭಾಷೆ, ಕೇಂದ್ರದ ನಂಬರ್. ಐದು ನಿಮಿಷಕ್ಕೊಮ್ಮೆ ಈಗಿನ ಸೆಟ್ಟಿಂಗ್‌ಗಳನ್ನು ಒಂದು ಲೋಕಲ್ ಸ್ಟ್ರಕ್ಟ್‌ಗೆ ತುಂಬುತ್ತೇನೆ. ಕರೆಂಟ್ ಹೋದರೂ ಅಳಿಯದ ಫ್ಲ್ಯಾಶ್ ಮೆಮರಿಯಲ್ಲಿ ಉಳಿಸಿದ್ದರ ಜೊತೆ ಮೆಮ್‌ಕಂಪ್ ಎಂಬ ಫಂಕ್ಷನ್‌ನಿಂದ ಹೋಲಿಸಿ, ಬೇರೆ ಇದ್ದರೆ ಮಾತ್ರ ಮತ್ತೆ ಬರೆಯುತ್ತೇನೆ. ಈಗ ಯಾರೂ ಏನೂ ಬದಲಾಯಿಸದಿದ್ದರೂ ಲಾಗ್‌ನಲ್ಲಿ ‘ಸೆಟ್ಟಿಂಗ್ ಬದಲಾಗಿದೆ’ ಎಂದು ಬರುತ್ತಲೇ ಇದೆ. ಪ್ರಿಂಟ್ ಮಾಡಿ ನೋಡಿದರೆ ನಾಲ್ಕೂ ಮೌಲ್ಯ ಒಂದೇ. ಪರೀಕ್ಷೆಗೆ ಮಾಡುವ ಡೀಬಗ್ ಬಿಲ್ಡ್‌ನಲ್ಲಿ ಸರಿಯಾಗಿದೆ, ವೇಗಕ್ಕಾಗಿ ಆಪ್ಟಿಮೈಸ್ ಮಾಡಿದ ರಿಲೀಸ್ ಬಿಲ್ಡ್‌ನಲ್ಲಿ ಮಾತ್ರ ಹೀಗೆ. ಒಬ್ಬ ಸಹೋದ್ಯೋಗಿ ‘ಈ ಲೈಬ್ರರಿಯ ಮೆಮ್‌ಕಂಪ್‌ನಲ್ಲೇ ಬಗ್ ಇದೆ’ ಎನ್ನುತ್ತಾರೆ. ಇನ್ನೊಬ್ಬರು ‘ಸ್ಟ್ರಕ್ಟ್‌ಗೆ ಪ್ಯಾಕ್ಡ್ ಹಾಕು, ಮುಗೀತು’ ಎನ್ನುತ್ತಾರೆ. ಆಪರೇಟರ್ ಪಿನ್ ಹೋಲಿಸುವುದಕ್ಕೂ ನಾನು ಮೆಮ್‌ಕಂಪ್ ಬಳಸಿದ್ದೇನೆ. ಅದಂತೂ ಅಪಾಯ ಅಂತ ಹಿರಿಯರೊಬ್ಬರು ಹೆದರಿಸಿದ್ದಾರೆ. ಯಾರ ಮಾತು ನಂಬಲಿ?

ಉತ್ತರ: ಯಾರ ಮಾತು ನಂಬಬೇಕು ಅನ್ನುವುದಕ್ಕೆ ಮುಂಚೆ ಒಂದು ಕೆಲಸ ಮಾಡಿ. ಆ ಐದು ನಿಮಿಷದ ಬರವಣಿಗೆಯನ್ನು ಇವತ್ತೇ ನಿಲ್ಲಿಸಿ. ಮೆನುವಿನಲ್ಲಿ ಯಾರಾದರೂ ‘ಸೇವ್’ ಒತ್ತಿದಾಗ ಮಾತ್ರ ಫ್ಲ್ಯಾಶ್‌ಗೆ ಬರೆಯಲಿ.

ಲೆಕ್ಕ ನೋಡಿ. ಐದು ನಿಮಿಷಕ್ಕೊಮ್ಮೆ ಎಂದರೆ ದಿನಕ್ಕೆ 288 ಸಲ. ನಿಮ್ಮ ಹಳೆಯ ಎಟಿಮೆಗಾ328ರ ಒಳಗಿನ ಇಇಪ್ರಾಮ್‌ಗೆ (ಸೆಟ್ಟಿಂಗ್ ಉಳಿಸುವ ಮೆಮರಿ) ಡೇಟಾಶೀಟ್ 1,00,000 ಬರವಣಿಗೆಯ ಆಯಸ್ಸು ಕೊಡುತ್ತದೆ. ಎಸ್‌ಟಿಎಂ32 ಸಾಲಿನ ಹಲವು ಚಿಪ್‌ಗಳ ಫ್ಲ್ಯಾಶ್‌ಗೆ ಆ ಅಂಕಿ 10,000. ಒಂದೇ ಪೇಜನ್ನು ಪ್ರತಿ ಸಲವೂ ಅಳಿಸಿ ಬರೆಯುತ್ತಿದ್ದರೆ 35 ದಿನದೊಳಗೆ ಆ ಗಡಿ ಮುಟ್ಟುತ್ತೀರಿ. 10,001ನೇ ಸಲಕ್ಕೆ ಚಿಪ್ ಸಾಯುತ್ತದೆ ಅಂತಲ್ಲ, ಅದು ತಯಾರಕರು ಭರವಸೆ ಕೊಡುವ ಕನಿಷ್ಠ. ಆದರೆ ಸೆಟ್ಟಿಂಗ್ ಕಳೆದುಕೊಂಡ ತೂಕದ ಯಂತ್ರ ಬೆಳಿಗ್ಗೆ ಆರು ಗಂಟೆಗೆ, ಕ್ಯಾನ್ ಹಿಡಿದು ಜನ ಸಾಲು ನಿಂತಿರುವಾಗ ಕೈಕೊಡುವುದು ನಿಮಗೂ ಬೇಡ, ಅವರಿಗೂ ಬೇಡ.

ಈಗ ಕಾರಣಕ್ಕೆ ಬರೋಣ. ಮೆಮ್‌ಕಂಪ್‌ನಲ್ಲಿ ಬಗ್ ಇಲ್ಲ. ನಾಲ್ಕು ದಶಕದಿಂದ ಜಗತ್ತಿನ ಅರ್ಧ ಸಾಫ್ಟ್‌ವೇರ್ ಅದರ ಮೇಲೆ ನಿಂತಿದೆ. ಅದಕ್ಕೆ ಗೊತ್ತಿರುವುದು ಒಂದೇ ಕೆಲಸ: ಎರಡು ಜಾಗದಿಂದ ಬೈಟ್‌ಗಳನ್ನು ತೆಗೆದು, ಒಂದೊಂದನ್ನೂ 0ಯಿಂದ 255ರ ಸಂಖ್ಯೆ ಎಂದುಕೊಂಡು, ಮೊದಲು ಬೇರೆಯಾದ ಕಡೆ ನಿಂತು ಯಾವುದು ದೊಡ್ಡದು ಎಂದು ಹೇಳುವುದು. ಆ ಬೈಟ್ ನಿಮ್ಮ ತೂಕವೋ, ಭಾಷೆಯೋ, ಸುಮ್ನೆ ಬಿದ್ದಿರುವ ಕಸವೋ, ಅದಕ್ಕೆ ಗೊತ್ತಿಲ್ಲ. ನೀವು ಕೇಳುತ್ತಿರುವುದು ‘ಸೆಟ್ಟಿಂಗ್ ಒಂದೇನಾ?’ ಎಂದು. ಅದು ಉತ್ತರ ಕೊಡುತ್ತಿರುವುದು ‘ಬೈಟ್‌ಗಳು ಒಂದೇನಾ?’ ಎಂಬ ಬೇರೆಯೇ ಪ್ರಶ್ನೆಗೆ. ಹಾಲನ್ನು ಕ್ಯಾನ್ ಸಮೇತ ತೂಗಿ, ಇಬ್ಬರು ತಂದ ಹಾಲು ಬೇರೆ ಬೇರೆ ಎಂದು ತೀರ್ಮಾನ ಮಾಡಿದ ಹಾಗೆ.

ನಿಮ್ಮ ಕ್ಯಾನ್ ಯಾವುದು ಅಂದರೆ, ಪ್ಯಾಡಿಂಗ್: ಕೋಡನ್ನು ಚಿಪ್‌ನ ಭಾಷೆಗೆ ತಿರುಗಿಸುವ ಕಂಪೈಲರ್ ಮೌಲ್ಯಗಳ ನಡುವೆ ಬಿಡುವ ಖಾಲಿ ಬೈಟ್‌ಗಳು. ನಿಮ್ಮ ಸ್ಟ್ರಕ್ಟ್‌ನಲ್ಲಿ ಮೋಡ್ 1 ಬೈಟ್, ತಿದ್ದುಪಡಿ 4 ಬೈಟ್‌ನ ಫ್ಲೋಟ್ (ದಶಮಾಂಶ ಸಂಖ್ಯೆ), ಭಾಷೆ 1 ಬೈಟ್, ಕೇಂದ್ರದ ನಂಬರ್ 4 ಬೈಟ್ ಎಂದುಕೊಳ್ಳುತ್ತೇನೆ. ಕೂಡಿಸಿದರೆ 10. ಎಟಿಮೆಗಾದಲ್ಲಿ ಸೈಜ್‌ಆಫ್, ಅಂದರೆ ಒಟ್ಟು ಗಾತ್ರ, ಕೇಳಿದರೆ 10 ಅಂತಲೇ ಬರುತ್ತದೆ. ಏಕೆಂದರೆ ಅದು 8 ಬಿಟ್ ಚಿಪ್. ಒಂದೊಂದೇ ಬೈಟ್ ಓದುವ ಯಂತ್ರಕ್ಕೆ ಯಾವ ವಿಳಾಸವಾದರೂ ಒಂದೇ. ಎಸ್‌ಟಿಎಂ32ರ ಒಳಗಿರುವ ಆರ್ಮ್ ಕಾರ್ಟೆಕ್ಸ್ 32 ಬಿಟ್‌ನದು. 4 ಬೈಟ್‌ನ ಮೌಲ್ಯ 4ರಿಂದ ಭಾಗವಾಗುವ ವಿಳಾಸದಲ್ಲಿ ಇರಬೇಕು ಎಂದು ಅಲ್ಲಿನ ಕಂಪೈಲರ್ ಬಯಸುತ್ತದೆ. ಅದಕ್ಕೆ ಮೋಡ್ ಆದ ಮೇಲೆ 3 ಬೈಟ್ ಖಾಲಿ, ಭಾಷೆ ಆದ ಮೇಲೆ 3 ಬೈಟ್ ಖಾಲಿ. ಒಟ್ಟು 16. ಅದರಲ್ಲಿ 6 ಬೈಟ್ ನಿಮ್ಮದಲ್ಲ.

ಆರು ವರ್ಷ ಸರಿಯಾಗಿದ್ದ ಕೋಡ್ ಈಗ ಕೆಟ್ಟಿದ್ದು ಹೀಗೆ. ಹಳೆಯ ಚಿಪ್‌ನಲ್ಲಿ ಖಾಲಿ ಜಾಗವೇ ಇರಲಿಲ್ಲ. ತಪ್ಪು ಅವತ್ತೂ ಇತ್ತು, ಕಾಣಿಸಿಕೊಳ್ಳುವುದಕ್ಕೆ ಜಾಗ ಇರಲಿಲ್ಲ ಅಷ್ಟೆ.

ನಂಬಿಕೆ ಬರದಿದ್ದರೆ ಎರಡೂ ಸ್ಟ್ರಕ್ಟ್‌ಗಳ 16 ಬೈಟ್‌ಗಳನ್ನು ಹೆಕ್ಸ್‌ನಲ್ಲಿ (16ರ ಆಧಾರದ ಅಂಕಿಗಳಲ್ಲಿ) ಪ್ರಿಂಟ್ ಮಾಡಿ. ಇಂಥದ್ದೇನೋ ಕಾಣುತ್ತದೆ:

02 00 00 00 – 00 00 20 40 – 01 00 00 00 – 17 04 00 00
02 08 00 20 – 00 00 20 40 – 01 35 00 08 – 17 04 00 00

ಮೋಡ್ 2, ತಿದ್ದುಪಡಿ 2.5 ಗ್ರಾಂ, ಭಾಷೆ 1, ಕೇಂದ್ರ 1047. ಎರಡು ಸಾಲಿನಲ್ಲೂ ಅವೇ. ಈ ಚಿಪ್ ಕಡಿಮೆ ಬೆಲೆಯ ಬೈಟನ್ನು ಮೊದಲು ಇಡುವುದರಿಂದ, ಈಗ ಎರಡನೇ ಸಾಲಿನ ಮೊದಲ ನಾಲ್ಕು ಬೈಟ್‌ಗಳನ್ನು ಹಿಂದುಮುಂದಾಗಿ ಓದಿ: 20 00 08 02. ಎಸ್‌ಟಿಎಂ32ರಲ್ಲಿ ರ್‍ಯಾಮ್ ಶುರುವಾಗುವುದು ಹೆಕ್ಸ್ 20000000ರಿಂದ. ಮೂರನೇ ಗುಂಪನ್ನು ಓದಿದರೆ 08 00 35 01. ಫ್ಲ್ಯಾಶ್ ಶುರುವಾಗುವುದು 08000000ರಿಂದ. ಅಂದರೆ ಅಲ್ಲಿ ಮುಂಚೆ ಒಂದು ರ್‍ಯಾಮ್ ಪಾಯಿಂಟರ್ ಮತ್ತು ಯಾವುದೋ ಫಂಕ್ಷನ್‌ನ ವಿಳಾಸ ಕೂತಿದ್ದವು. ನಿಮ್ಮ ಮೋಡ್ ಮತ್ತು ಭಾಷೆ ಅವುಗಳ ಕೊನೇ ಬೈಟ್ ಮೇಲೆ ಮಾತ್ರ ಬಂದು ಕೂತಿವೆ. ಉಳಿದ ಮೂರು ಮೂರು ಬೈಟ್ ಹಳೇ ಬಾಡಿಗೆದಾರ ಬಿಟ್ಟು ಹೋದ ಸಾಮಾನು. ಖಾಲಿ ಜಾಗದಲ್ಲಿ 20 ಮತ್ತು 08 ಕಂಡರೆ ನನಗೆ ಈಗ ಮುಂದಕ್ಕೆ ನೋಡುವ ಅಗತ್ಯವೇ ಬೀಳುವುದಿಲ್ಲ.

ಹಾಗಾದರೆ ಡೀಬಗ್ ಬಿಲ್ಡ್‌ನಲ್ಲಿ ಏಕೆ ಸರಿ? ಲೋಕಲ್ ಸ್ಟ್ರಕ್ಟ್ ಕೂರುವುದು ಸ್ಟ್ಯಾಕ್ ಮೇಲೆ, ಅಂದರೆ ಫಂಕ್ಷನ್‌ಗಳು ಒಂದಾದ ಮೇಲೊಂದು ಬಳಸುವ ತಾತ್ಕಾಲಿಕ ಮೆಮರಿಯಲ್ಲಿ. ಆಪ್ಟಿಮೈಸ್ ಮಾಡದ ಕೋಡ್‌ನಲ್ಲಿ ಪ್ರತಿ ಸಲವೂ ಅದೇ ಫಂಕ್ಷನ್‌ಗಳು ಅದೇ ದಾರಿಯಲ್ಲಿ ಬರುವ ಕಾರಣ ಅದೇ ಜಾಗದಲ್ಲಿ ಅದೇ ಕಸ ಉಳಿದಿರುವ ಸಾಧ್ಯತೆ ಜಾಸ್ತಿ. ಕಸ ಒಂದೇ ಆದರೆ ಮೆಮ್‌ಕಂಪ್ ಕೂಡ ಒಂದೇ ಎನ್ನುತ್ತದೆ. ರಿಲೀಸ್‌ನಲ್ಲಿ ಕಂಪೈಲರ್ ಫಂಕ್ಷನ್‌ಗಳನ್ನು ಒಂದರೊಳಗೊಂದು ಸೇರಿಸುತ್ತದೆ, ಸ್ಟ್ಯಾಕ್ ಜೋಡಣೆ ಬದಲಾಗುತ್ತದೆ. ಇಂಟರಪ್ಟ್ (ನಡೆಯುತ್ತಿರುವ ಕೆಲಸ ತಡೆದು ಬರುವ ತುರ್ತು ಕರೆ) ಬಂದಾಗಲೆಲ್ಲ ಕಾರ್ಟೆಕ್ಸ್-ಎಂ ತಾನಾಗಿಯೇ ಎಂಟು ರಿಜಿಸ್ಟರ್‌ಗಳನ್ನು, ಅಂದರೆ 32 ಬೈಟ್, ಸ್ಟ್ಯಾಕ್‌ಗೆ ತಳ್ಳುತ್ತದೆ. ಇಂಟರಪ್ಟ್ ಮುಗಿದ ಮೇಲೆ ಅವು ಅಲ್ಲೇ ಬಿದ್ದಿರುತ್ತವೆ. ಯಾವ ಇಂಟರಪ್ಟ್ ಯಾವ ಕ್ಷಣಕ್ಕೆ ಬಂತು ಅನ್ನುವುದರ ಮೇಲೆ ಕಸ ಬದಲಾಗುತ್ತದೆ. ಅದಕ್ಕೇ ನಿಮ್ಮ ಲಾಗ್ ಒಮ್ಮೊಮ್ಮೆ ಸುಮ್ಮನಿದ್ದು ಒಮ್ಮೊಮ್ಮೆ ಸರಣಿಯಲ್ಲಿ ಬರುತ್ತಿದ್ದರೆ ನನಗೆ ಆಶ್ಚರ್ಯವಿಲ್ಲ.

ಇದೇನೂ ಹೊಸ ಸಂಗತಿಯಲ್ಲ. 1989ರ ಸಿ ಸ್ಟ್ಯಾಂಡರ್ಡ್‌ನಲ್ಲೇ ಮೆಮ್‌ಕಂಪ್ ವಿವರಣೆಯ ಕೆಳಗೆ ಒಂದು ಅಡಿಟಿಪ್ಪಣಿ ಇದೆ. ಸ್ಟ್ರಕ್ಟ್ ಒಳಗಿನ ತೂತುಗಳಲ್ಲಿ ಏನಿರುತ್ತದೆ ಎಂದು ಹೇಳಲಾಗದು, ಜಾಗಕ್ಕಿಂತ ಚಿಕ್ಕದಾದ ಸ್ಟ್ರಿಂಗ್‌ಗಳೂ ಯೂನಿಯನ್‌ಗಳೂ ಹೋಲಿಕೆಯಲ್ಲಿ ತೊಂದರೆ ಕೊಡಬಹುದು ಎಂಬುದು ಅದರ ಅರ್ಥ. ಸಿ ಭಾಷೆ ಒಂದು ಸ್ಟ್ರಕ್ಟನ್ನು ಇನ್ನೊಂದಕ್ಕೆ ನೇರವಾಗಿ ಕಾಪಿ ಮಾಡಲು ಬಿಡುತ್ತದೆ. ಆದರೆ ಸಮ ಚಿಹ್ನೆ ಹಾಕಿ ಹೋಲಿಸಲು ಬಿಡುವುದಿಲ್ಲ. ಈ ತೂತುಗಳೂ ಅದಕ್ಕೊಂದು ಕಾರಣ. ನಾವು ಆ ಬಾಗಿಲು ಮುಚ್ಚಿದೆ ಎಂದು ಹಿತ್ತಿಲಿಂದ ಮೆಮ್‌ಕಂಪ್ ಹಿಡಿದು ನುಗ್ಗುತ್ತೇವೆ.

ಅಂದ ಹಾಗೆ, ಇದೇ ಸ್ಟ್ರಕ್ಟನ್ನು ನೀವು ಸೀರಿಯಲ್ ಅಥವಾ ಜಿಎಸ್ಎಂ ಮೂಲಕ ಹಾಗೇ ಹೊರಗೆ ಕಳಿಸುತ್ತಿದ್ದರೆ, ನಿಮ್ಮ ಮೆಮರಿಯ ವಿಳಾಸಗಳನ್ನೂ ಜೊತೆಗೆ ಕಳಿಸುತ್ತಿದ್ದೀರಿ. ದೊಡ್ಡ ಆಪರೇಟಿಂಗ್ ಸಿಸ್ಟಂಗಳ ಕರ್ನಲ್‌ಗಳಲ್ಲಿ ಮಾಹಿತಿ ಸೋರಿದ ಎಷ್ಟೋ ದೋಷಗಳಿಗೆ ಇದೇ ಮೂಲ.

ಏನು ಮಾಡಬಹುದು

ತಕ್ಷಣದ ಪರಿಹಾರ ಮೆಮ್‌ಸೆಟ್. ಲೋಕಲ್ ಸ್ಟ್ರಕ್ಟ್‌ಗೆ ಮೌಲ್ಯ ತುಂಬುವ ಮೊದಲು 16 ಬೈಟನ್ನೂ ಸೊನ್ನೆ ಮಾಡಿ. ಉಳಿಸುವ ಕಡೆಯೂ ಹೋಲಿಸುವ ಕಡೆಯೂ, ಎರಡೂ ಕಡೆ. ಒಂದೇ ಕಡೆ ಮಾಡಿ ‘ಇನ್ನೂ ಸರಿಯಾಗಿಲ್ಲ’ ಎನ್ನುವವರನ್ನು ನೋಡಿದ್ದೇನೆ. ಹೊರಗೆ ಹೋಗಿರುವ ಯಂತ್ರಗಳ ಫ್ಲ್ಯಾಶ್‌ನಲ್ಲಿ ಈಗಾಗಲೇ ಕಸ ಕೂತಿದೆ. ಹಾಗಾಗಿ ಹೊಸ ಫರ್ಮ್‌ವೇರ್ ಹಾಕಿದ ಮೇಲೆ ಒಂದು ಸಲ ‘ಬದಲಾಗಿದೆ’ ಬರಬಹುದು. ಆಮೇಲೆ ನಿಲ್ಲಬೇಕು. ಅದನ್ನು ನೋಡಿ ಗಾಬರಿಯಾಗಬೇಡಿ.

ಇದು ಕೆಲಸ ಮಾಡುತ್ತದೆ. ಆದರೆ ಭಾಷೆ ಇದಕ್ಕೆ ಭರವಸೆ ಕೊಟ್ಟಿಲ್ಲ. ಸ್ಟ್ರಕ್ಟ್‌ಗೆ ಅಥವಾ ಅದರ ಒಂದು ಸದಸ್ಯಕ್ಕೆ ಮೌಲ್ಯ ಬರೆದಾಗ ಪ್ಯಾಡಿಂಗ್ ಬೈಟ್‌ಗಳು ಏನು ಬೇಕಾದರೂ ಆಗಬಹುದು ಎಂದು ಸ್ಟ್ಯಾಂಡರ್ಡ್ ಹೇಳುತ್ತದೆ. ಸದಸ್ಯಗಳಿಗೆ ಬರೆದಾಗ ನಾನು ಬಳಸಿದ ಕಂಪೈಲರ್‌ಗಳಲ್ಲಿ ಸೊನ್ನೆ ಸೊನ್ನೆಯಾಗಿಯೇ ಉಳಿದಿದೆ. ಕೈಕೊಡುವುದು ಸಾಮಾನ್ಯವಾಗಿ ಇಡೀ ಸ್ಟ್ರಕ್ಟನ್ನು ಸಮ ಚಿಹ್ನೆಯಿಂದ ಕಾಪಿ ಮಾಡಿದಾಗ. ಕಂಪೈಲರ್ ನಾಲ್ಕು ಸದಸ್ಯಗಳನ್ನು ರಿಜಿಸ್ಟರ್‌ಗಳಲ್ಲಿ ಒಯ್ದು ಆ ಕಡೆ ಇಳಿಸಿ, ನಡುವಿನ ತೂತುಗಳನ್ನು ಮುಟ್ಟದೇ ಬಿಡಬಹುದು. ಅದರ ತಪ್ಪಲ್ಲ. ಕಾಪಿ ಮಾಡಬೇಕಾದ ಕಡೆ ಮೆಮ್‌ಕಾಪಿ ಬಳಸಿದರೆ ತೂತುಗಳೂ ಹಾಗೇ ಬರುತ್ತವೆ. ಒಟ್ಟಿನಲ್ಲಿ ಈ ವಾರ ಬಿಡುಗಡೆ ಮಾಡಬೇಕಾದ ಫರ್ಮ್‌ವೇರ್‌ಗೆ ಮೆಮ್‌ಸೆಟ್ ಸಾಕು. ಮುಂದಿನ ಆರು ವರ್ಷಕ್ಕೆ ಸಾಲದು.

ನಿಮ್ಮ ಸಹೋದ್ಯೋಗಿ ಹೇಳಿದ ಪ್ಯಾಕ್ಡ್, ಅಂದರೆ ಖಾಲಿ ಜಾಗ ಬಿಡಬೇಡ ಎಂದು ಕಂಪೈಲರ್‌ಗೆ ಹೇಳುವುದು, ಅರ್ಧ ನಿಜ. ಹಾಕಿದರೆ ಸ್ಟ್ರಕ್ಟ್ ಮತ್ತೆ 10 ಬೈಟ್ ಆಗುತ್ತದೆ, ತೂತು ಮಾಯ. ಆದರೆ ತಿದ್ದುಪಡಿಯ ಫ್ಲೋಟ್ ಈಗ ಸ್ಟ್ರಕ್ಟ್‌ನ ಶುರುವಿನಿಂದ 1 ಬೈಟ್ ದೂರದಲ್ಲಿ ಕೂರುತ್ತದೆ. ಸ್ಟ್ರಕ್ಟ್ ಹೆಸರಿನ ಮೂಲಕ ಮುಟ್ಟಿದರೆ ಕಂಪೈಲರ್‌ಗೆ ಅದು ಗೊತ್ತಿರುತ್ತದೆ, ಹುಷಾರಾಗಿ ಓದುತ್ತದೆ. ಆ ಸದಸ್ಯದ ವಿಳಾಸ ತೆಗೆದು ಇನ್ನೊಂದು ಫಂಕ್ಷನ್‌ಗೆ ಕೊಟ್ಟಿರೋ, ಅಲ್ಲಿ ಸಾಮಾನ್ಯ ಫ್ಲೋಟ್ ಪಾಯಿಂಟರ್ ಎಂದುಕೊಂಡು ನೇರ ಓದುತ್ತದೆ. ಕಾರ್ಟೆಕ್ಸ್-ಎಂ0 ಚಿಪ್‌ನಲ್ಲಿ ಅದು ಹಾರ್ಡ್‌ಫಾಲ್ಟ್, ಪ್ರೋಗ್ರಾಂ ಅಲ್ಲೇ ಬೀಳುತ್ತದೆ. ಎಂ3, ಎಂ4ಗಳಲ್ಲಿ ಸಾಮಾನ್ಯ ಓದು ನಡೆಯುತ್ತದೆ, ಆದರೆ ಕೆಲವು ಸೂಚನೆಗಳು ಅಲ್ಲೂ ಬೀಳುತ್ತವೆ. ಹಣ ಉಳಿಸಲು ಮುಂದಿನ ವರ್ಷ ನಿಮ್ಮ ಮಾಲೀಕರು ಎಂ0ಗೆ ಇಳಿಯೋಣ ಎಂದರೆ? ನನ್ನ ಅಭಿಪ್ರಾಯ ಕೇಳಿದರೆ ಪ್ಯಾಕ್ಡ್ ಅನ್ನು ಹೊರಗಿನಿಂದ ಬರುವ ಪ್ಯಾಕೆಟ್‌ಗಳ ಆಕಾರ ಹೇಳುವುದಕ್ಕೆ ಮಾತ್ರ ಇಟ್ಟುಕೊಳ್ಳಿ.

ಅದಕ್ಕಿಂತ ಒಳ್ಳೆಯದು ತೂತುಗಳಿಗೆ ನೀವೇ ಹೆಸರಿಡುವುದು. ದೊಡ್ಡ ಸದಸ್ಯಗಳನ್ನು ಮೊದಲು ಹಾಕಿ: ತಿದ್ದುಪಡಿ, ಕೇಂದ್ರದ ನಂಬರ್, ಆಮೇಲೆ ಮೋಡ್, ಭಾಷೆ. ಈಗ 16 ಇದ್ದದ್ದು 12ಕ್ಕೆ ಇಳಿಯಿತು. ‘ಮೇಲಿಂದ ಕೆಳಕ್ಕೆ ಜೋಡಿಸಿದರೆ ಪ್ಯಾಡಿಂಗ್ ಇರಲ್ಲ’ ಎಂಬ ನಂಬಿಕೆ ತುಂಬಾ ಜನರಿಗಿದೆ. ಎಣಿಸಿ ನೋಡಿ, ಕೊನೆಯಲ್ಲಿ 2 ಬೈಟ್ ಇನ್ನೂ ಖಾಲಿ. ಅಲ್ಲಿ ‘ಮೀಸಲು’ ಎಂದು ಎರಡು ಬೈಟ್‌ನ ಸದಸ್ಯ ಸೇರಿಸಿ ಅದಕ್ಕೂ ಸೊನ್ನೆ ತುಂಬಿ. ಈಗ 12ಕ್ಕೆ 12. ಜೊತೆಗೆ ಒಂದು ಸ್ಟ್ಯಾಟಿಕ್ ಅಸರ್ಟ್ ಹಾಕಿ, ಸೈಜ್‌ಆಫ್ 12 ಆಗದಿದ್ದರೆ ಬಿಲ್ಡೇ ಆಗಬಾರದು. ಜಿಸಿಸಿ ಕಂಪೈಲರ್‌ನಲ್ಲಿ ಪ್ಯಾಡಿಂಗ್ ಬಿದ್ದ ಕಡೆಯೆಲ್ಲ ಎಚ್ಚರಿಸುವ ‘ಡಬ್ಲ್ಯು-ಪ್ಯಾಡೆಡ್’ ಎಂಬ ಆಯ್ಕೆಯೂ ಇದೆ. ಇಡೀ ಪ್ರಾಜೆಕ್ಟ್‌ಗೆ ಹಾಕಿದರೆ ತಲೆ ಚಿಟ್ಟು ಹಿಡಿಯುತ್ತದೆ. ಈ ಒಂದು ಫೈಲ್‌ಗೆ ಹಾಕಿ ಸಾಕು. ‘ಪಾಹೋಲ್’ ಎಂಬ ಟೂಲ್ ಕಂಪೈಲ್ ಆದ ಫೈಲ್‌ನ ಡೀಬಗ್ ಮಾಹಿತಿ ಓದಿ, ಯಾವ ಸ್ಟ್ರಕ್ಟ್‌ನಲ್ಲಿ ಎಲ್ಲಿ ಎಷ್ಟು ತೂತು ಎಂದು ಬರೆದುಕೊಡುತ್ತದೆ.

ಇಷ್ಟಾದ ಮೇಲೂ ಮೆಮ್‌ಕಂಪ್ ಪೂರ್ತಿ ಸರಿಯಾ? ನಿಮ್ಮ ಸ್ಟ್ರಕ್ಟ್‌ನಲ್ಲಿ ಇನ್ನೊಂದು ಹುಳ ಇದೆ, ಆ ಫ್ಲೋಟ್.

ಫ್ಲೋಟ್‌ನಲ್ಲಿ ಎರಡು ಸೊನ್ನೆಗಳಿವೆ. ಧನ ಸೊನ್ನೆಯ ನಾಲ್ಕೂ ಬೈಟ್ 00. ಋಣ ಸೊನ್ನೆಯಲ್ಲಿ ಮೇಲಿನ ಬೈಟ್ 80. ಹೋಲಿಸಿದರೆ ಎರಡೂ ಸಮ ಎನ್ನುತ್ತದೆ ಭಾಷೆ, ಬೇರೆ ಎನ್ನುತ್ತದೆ ಮೆಮ್‌ಕಂಪ್. ಋಣ ಸೊನ್ನೆ ಎಲ್ಲಿಂದ ಬರುತ್ತದೆ ಅಂತೀರಾ? ತಿದ್ದುಪಡಿ ಸೊನ್ನೆ ಇರುವಾಗ ಅದನ್ನು ಋಣ ಸಂಖ್ಯೆಯಿಂದ ಗುಣಿಸಿ ನೋಡಿ.

ಹಾಗಾದರೆ ಮೆಮ್‌ಕಂಪ್ ಬಿಟ್ಟು ಒಂದೊಂದೇ ಸದಸ್ಯವನ್ನು ಹೋಲಿಸುವ ಫಂಕ್ಷನ್ ಬರೆಯೋಣ, ಎಲ್ಲ ಪುಸ್ತಕಗಳೂ ಅದನ್ನೇ ಹೇಳುತ್ತವೆ ಅಲ್ವಾ? ಬರೆಯಿರಿ. ಆದರೆ ಕ್ಯಾಲಿಬ್ರೇಷನ್ ವೇಳೆ ಎಲ್ಲೋ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿ ತಿದ್ದುಪಡಿ ‘ನ್ಯಾನ್’ ಆಯಿತು ಎಂದುಕೊಳ್ಳಿ, ಅಂದರೆ ಸಂಖ್ಯೆಯೇ ಅಲ್ಲದ್ದು. ನ್ಯಾನ್ ತನಗೆ ತಾನೇ ಸಮ ಅಲ್ಲ. ನಿಮ್ಮ ಹೊಸ, ಅಚ್ಚುಕಟ್ಟಾದ ಫಂಕ್ಷನ್ ಐದು ನಿಮಿಷಕ್ಕೊಮ್ಮೆ ‘ಬದಲಾಗಿದೆ’ ಎನ್ನುತ್ತದೆ. ಹಳೇ ರೋಗವೇ ಹೊಸ ವೇಷದಲ್ಲಿ ವಾಪಸ್. ತಮಾಷೆ ಎಂದರೆ ಈ ಒಂದು ಕೇಸಿನಲ್ಲಿ ಮೆಮ್‌ಕಂಪ್ ಹೇಳಿದ್ದೇ ನಿಮಗೆ ಬೇಕಾದ ಉತ್ತರ. ಏಕೆಂದರೆ ಇಲ್ಲಿ ನೀವು ಕೇಳುತ್ತಿದ್ದದ್ದು ‘ಮತ್ತೆ ಬರೆಯಬೇಕಾ?’ ಎಂದು. ಅದು ಬೈಟ್‌ಗಳ ಪ್ರಶ್ನೆಯೇ. ನಾನಾಗಿದ್ದರೆ ಸೆಟ್ಟಿಂಗ್‌ನಲ್ಲಿ ಫ್ಲೋಟ್ ಇಡುವುದೇ ಇಲ್ಲ. 2.5 ಗ್ರಾಂ ಬದಲು 2500 ಮಿಲಿಗ್ರಾಂ ಎಂದು ಪೂರ್ಣಾಂಕ ಉಳಿಸುತ್ತೇನೆ. ಎರಡು ಸೊನ್ನೆಯ ಗೋಳೂ ಇಲ್ಲ, ನ್ಯಾನ್ ಗೋಳೂ ಇಲ್ಲ.

ಸದಸ್ಯ ಸದಸ್ಯ ಹೋಲಿಸುವುದರ ಇನ್ನೊಂದು ಅಪಾಯ ಮರೆವು. ಎರಡು ವರ್ಷದ ನಂತರ ಯಾರೋ ಐದನೇ ಸೆಟ್ಟಿಂಗ್ ಸೇರಿಸುತ್ತಾರೆ, ಹೋಲಿಸುವ ಫಂಕ್ಷನ್‌ಗೆ ಸೇರಿಸುವುದಿಲ್ಲ. ಆಗ ಬದಲಾದರೂ ಉಳಿಯುವುದಿಲ್ಲ. ಸ್ಟ್ಯಾಟಿಕ್ ಅಸರ್ಟ್ ಅನ್ನು ಆ ಫಂಕ್ಷನ್‌ನ ಒಳಗೇ ಇಟ್ಟರೆ ಸೈಜ್ ಬದಲಾದ ತಕ್ಷಣ ಅದು ಕಿರುಚುತ್ತದೆ.

ನನ್ನ ಆಯ್ಕೆ ಬೇರೆ. ಸ್ಟ್ರಕ್ಟನ್ನು ಫ್ಲ್ಯಾಶ್‌ಗೆ ಹಾಗೇ ಎತ್ತಿ ಬರೆಯುವುದನ್ನೇ ಬಿಡಿ. ಒಂದು ಬೈಟ್ ಅರೇ ಮಾಡಿ. ಮೊದಲ ಬೈಟ್ ಆವೃತ್ತಿ ಸಂಖ್ಯೆ, ಆಮೇಲೆ ಮೋಡ್, ತಿದ್ದುಪಡಿಯ ನಾಲ್ಕು ಬೈಟ್, ಭಾಷೆ, ಕೇಂದ್ರದ ನಾಲ್ಕು ಬೈಟ್, ಕೊನೆಗೆ ಎರಡು ಬೈಟ್ ಸಿಆರ್‌ಸಿ (ಉಳಿದ ಬೈಟ್‌ಗಳಿಂದ ಲೆಕ್ಕ ಹಾಕಿದ ಪರೀಕ್ಷಾ ಸಂಖ್ಯೆ). ಒಟ್ಟು 13. ಯಾವ ಬೈಟ್ ಮೊದಲು ಎಂದು ನೀವೇ ನಿರ್ಧರಿಸಿ, ಶಿಫ್ಟ್ ಮಾಡಿ ಒಂದೊಂದಾಗಿ ಹಾಕಿ. ಈ ಅರೇಯಲ್ಲಿ ತೂತು ಇರಲು ಸಾಧ್ಯವೇ ಇಲ್ಲ. ಇದರ ಮೇಲೆ ಮೆಮ್‌ಕಂಪ್ ಧೈರ್ಯವಾಗಿ ಮಾಡಿ. ಅದು ಹುಟ್ಟಿದ್ದೇ ಇದಕ್ಕೆ. ಮೂವತ್ತು ಸಾಲು ಜಾಸ್ತಿ ಬರೆಯಬೇಕಾಗುತ್ತದೆ ನಿಜ. ಆದರೆ ಕಂಪೈಲರ್ ಬದಲಾದರೂ ಚಿಪ್ ಬದಲಾದರೂ ಉಳಿಸಿದ ಡೇಟಾ ಓದಲು ಬರುತ್ತದೆ. ಹಳೆಯ ಬೋರ್ಡ್‌ನ ಇಇಪ್ರಾಮ್‌ನಿಂದ ಸೆಟ್ಟಿಂಗ್ ತೆಗೆದು ಹೊಸದಕ್ಕೆ ಹಾಕುವ ಯೋಚನೆ ಇದ್ದರೆ, ಅಲ್ಲಿ 10 ಬೈಟ್ ಇಲ್ಲಿ 16 ಬೈಟ್ ಎಂಬುದು ನಿಮಗೆ ಈಗಾಗಲೇ ತಲೆನೋವಾಗಿರಬೇಕು.

ಸಿಆರ್‌ಸಿ ಇದೆಯಲ್ಲ, ಅದನ್ನಷ್ಟೇ ಹೋಲಿಸಿದರೆ ಸಾಲದೇ ಎಂದು ಕೇಳಬೇಡಿ. 16 ಬಿಟ್‌ನ ಸಿಆರ್‌ಸಿಗೆ ಇರುವುದು 65,536 ಬೆಲೆಗಳು, ಬೇರೆ ಸೆಟ್ಟಿಂಗ್‌ಗೆ ಅದೇ ಬೆಲೆ ಬರಬಹುದು. ಅದು ಡೇಟಾ ಕೆಟ್ಟಿದೆಯಾ ಎಂದು ನೋಡುವುದಕ್ಕೆ. ಹದಿಮೂರು ಬೈಟ್ ಹೋಲಿಸುವುದಕ್ಕೆ ಜಿಪುಣತನ ಏಕೆ?

ಮೆಮ್‌ಕಂಪ್‌ನ ಬೇರೆ ಗುಂಡಿಗಳು

ಕೋಡ್‌ನಲ್ಲಿ ಮೆಮ್‌ಕಂಪ್ ಇರುವ ಕಡೆಗಳನ್ನೆಲ್ಲ ಹುಡುಕುತ್ತೀರಲ್ಲ, ಆಗ ಇವನ್ನೂ ನೋಡಿ.

ಮೊದಲನೆಯದು ನನ್ನದೇ ಕಥೆ. ಬಹಳ ಹಿಂದೆ ಒಂದು ಕಡೆ ಕೆಲಸ ಮಾಡುವಾಗ ಎರಡು ಯಂತ್ರಗಳ ಸೀರಿಯಲ್ ನಂಬರ್ ಹೋಲಿಸುವ ಫಂಕ್ಷನ್ ಬರೆದೆ. ಅರೇಯನ್ನು ಫಂಕ್ಷನ್‌ಗೆ ಕೊಟ್ಟು, ಒಳಗೆ ಅದರ ಸೈಜ್‌ಆಫ್ ತೆಗೆದು ಮೆಮ್‌ಕಂಪ್‌ಗೆ ಕೊಟ್ಟೆ. ಫಂಕ್ಷನ್ ಒಳಗೆ ಹೋದ ಮೇಲೆ ಅದು ಅರೇ ಅಲ್ಲ, ಬರೀ ಪಾಯಿಂಟರ್. 32 ಬಿಟ್ ಚಿಪ್‌ನಲ್ಲಿ ಅದರ ಸೈಜ್ 4. ಹನ್ನೆರಡು ಅಕ್ಷರದ ನಂಬರ್‌ನಲ್ಲಿ ಮೊದಲ ನಾಲ್ಕು ಅಕ್ಷರ ಮಾತ್ರ ಹೋಲಿಕೆಯಾಗುತ್ತಿತ್ತು. ನಮ್ಮ ಎಲ್ಲ ಯಂತ್ರಗಳ ನಂಬರ್ ಶುರುವಾಗುತ್ತಿದ್ದದ್ದು ಅದೇ ನಾಲ್ಕು ಅಕ್ಷರದಿಂದ. ಮೂರು ದಿನ ಹೋಯಿತು. ಈಗಿನ ಜಿಸಿಸಿ ಇದಕ್ಕೆ ಎಚ್ಚರಿಕೆ ಕೊಡುತ್ತದೆ. ಅವತ್ತು ನಾನು ಎಚ್ಚರಿಕೆಗಳನ್ನು ಆಫ್ ಮಾಡಿಕೊಂಡಿದ್ದೆ, ಗಲಾಟೆ ಜಾಸ್ತಿ ಎಂದು.

ಎರಡನೆಯದು ಒಂದು ಆವರಣ ಚಿಹ್ನೆ. ‘ಸಮ ಸೊನ್ನೆ’ ಎಂಬುದು ಆವರಣದ ಹೊರಗೆ ಇರಬೇಕಾದದ್ದು ಒಳಗೆ ಸೇರಿಬಿಟ್ಟರೆ, ಉದ್ದ ಸೊನ್ನೆಗೆ ಸಮವೇ ಎಂಬುದರ ಉತ್ತರ, ಅಂದರೆ ಸೊನ್ನೆಯೇ, ಉದ್ದವಾಗಿ ಹೋಗುತ್ತದೆ. ಸೊನ್ನೆ ಬೈಟ್ ಹೋಲಿಸಿದರೆ ಜಗತ್ತಿನಲ್ಲಿ ಎಲ್ಲವೂ ಒಂದೇ.

ಮೂರನೆಯದು ದೊಡ್ಡದು-ಚಿಕ್ಕದು ನೋಡಲು ಮೆಮ್‌ಕಂಪ್ ಬಳಸುವುದು. ನಿಮ್ಮ ಚಿಪ್ ಕಡಿಮೆ ಬೆಲೆಯ ಬೈಟನ್ನು ಮೊದಲು ಇಡುತ್ತದೆ. 1 ಎಂಬುದು 01 00 00 00, 256 ಎಂಬುದು 00 01 00 00. ಮೆಮ್‌ಕಂಪ್ ಪ್ರಕಾರ 256 ಚಿಕ್ಕದು. ರೈತರ ಪಟ್ಟಿಯನ್ನು ನಂಬರ್ ಪ್ರಕಾರ ಜೋಡಿಸಲು ಇದನ್ನು ಬಳಸಿದ್ದರೆ ಈಗಲೇ ತೆಗೆಯಿರಿ.

ನಾಲ್ಕನೆಯದು ಅದು ಕೊಡುವ ಉತ್ತರ. ಬೇರೆ ಇದ್ದರೆ 1 ಅಥವಾ -1 ಬರುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ಸೊನ್ನೆಗಿಂತ ಜಾಸ್ತಿ ಅಥವಾ ಕಡಿಮೆ, ಅಷ್ಟೇ. 2012ರ ಜೂನ್‌ನಲ್ಲಿ ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿ ಡೇಟಾಬೇಸ್‌ಗಳಲ್ಲಿ ಒಂದು ದೋಷ ಬಯಲಾಯಿತು. ಪಾಸ್‌ವರ್ಡ್ ಪರೀಕ್ಷೆಯಲ್ಲಿ ಮೆಮ್‌ಕಂಪ್ ಉತ್ತರವನ್ನು ಒಂದು ಬೈಟ್‌ಗೆ ಇಳಿಸಿದ್ದರು. ಉತ್ತರ -128ರಿಂದ 127ರೊಳಗೆ ಇರುವ ತನಕ ಸರಿ. ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿಯಲ್ಲಿ ವೇಗಕ್ಕಾಗಿ ಬರೆದ ಮೆಮ್‌ಕಂಪ್ ಆ ಮಿತಿ ದಾಟಿದ ಸಂಖ್ಯೆಗಳನ್ನೂ ಕೊಡುತ್ತಿತ್ತು. ಅದರ ಕೆಳಗಿನ ಬೈಟ್ ಸೊನ್ನೆ ಆದರೆ ಪಾಸ್‌ವರ್ಡ್ ಸರಿ ಎಂದಾಯಿತು. ಹಾಗೆ ಕಂಪೈಲ್ ಆಗಿದ್ದ ಸರ್ವರ್‌ಗಳಲ್ಲಿ 256ಕ್ಕೆ ಒಂದು ಸಲ ಯಾವ ಪಾಸ್‌ವರ್ಡ್ ಕೊಟ್ಟರೂ ಬಾಗಿಲು ತೆರೆಯುತ್ತಿತ್ತು. ಕೆಲವು ನೂರು ಸಲ ಪ್ರಯತ್ನಿಸಲು ಕಂಪ್ಯೂಟರ್‌ಗೆ ಒಂದು ಸೆಕೆಂಡೂ ಬೇಡ. ನಿಮ್ಮ ಕೋಡ್‌ನಲ್ಲಿ ಈ ಉತ್ತರವನ್ನು 8 ಬಿಟ್‌ನ ವೇರಿಯಬಲ್‌ಗೆ ಹಾಕಿದ್ದೀರಾ ನೋಡಿ. ಎಟಿಮೆಗಾ ಕಾಲದಿಂದ ಬಂದ ಕೋಡ್‌ನಲ್ಲಿ ಎಲ್ಲವನ್ನೂ 8 ಬಿಟ್‌ಗೆ ತುರುಕುವ ಅಭ್ಯಾಸ ಇರುತ್ತದೆ.

ಪಿನ್ ವಿಷಯ

ನಿಮ್ಮ ಹಿರಿಯರು ಹೇಳಿದ್ದು ನಿಜ. ಆದರೆ ನಿಮಗೆ ಅದು ಮೊದಲ ಚಿಂತೆ ಆಗಬೇಕಿಲ್ಲ.

ಮೆಮ್‌ಕಂಪ್ ವ್ಯತ್ಯಾಸ ಕಂಡ ಕೂಡಲೇ ನಿಲ್ಲಬಹುದು. ಮೊದಲ ಅಂಕಿ ತಪ್ಪಿದ್ದರೆ ಬೇಗ ಮುಗಿಯುತ್ತದೆ, ಮೂರು ಅಂಕಿ ಸರಿಯಿದ್ದರೆ ಚೂರು ತಡ. ಆ ಚೂರನ್ನು ಅಳೆಯುವವನಿಗೆ ನಾಲ್ಕಂಕಿಯ ಪಿನ್‌ಗೆ 10,000 ಪ್ರಯತ್ನ ಬೇಡ, ಹೆಚ್ಚೆಂದರೆ 40 ಸಾಕು. ಇದು ಬರೀ ಪಾಠದ ಮಾತಲ್ಲ. 2007ರಲ್ಲಿ ಎಕ್ಸ್‌ಬಾಕ್ಸ್ 360 ಗೇಮ್ ಯಂತ್ರವನ್ನು ಹೀಗೇ ಬಗ್ಗಿಸಿದರು. ಶುರುವಾಗುವಾಗ ಅದು 16 ಬೈಟ್‌ನ ಒಂದು ಹ್ಯಾಶ್ (ಸಾಫ್ಟ್‌ವೇರ್ ಅಸಲಿಯೇ ಎಂದು ನೋಡುವ ಮುದ್ರೆ) ಹೋಲಿಸುತ್ತಿತ್ತು, ಮೆಮ್‌ಕಂಪ್ ಥರದಲ್ಲೇ. ಸಮಯ ಅಳೆಯುತ್ತಾ ಒಂದೊಂದೇ ಬೈಟ್ ಕಂಡುಹಿಡಿದು ಹಳೆಯ, ದೋಷವಿದ್ದ ಸಾಫ್ಟ್‌ವೇರ್‌ಗೆ ಯಂತ್ರವನ್ನು ಇಳಿಸಿದರು. ಬೈಟ್‌ಗೆ ಹೆಚ್ಚೆಂದರೆ 256 ಪ್ರಯತ್ನ, ಒಟ್ಟು 4096.

ಪರಿಹಾರ ಸುಲಭ. ಪ್ರತಿ ಜೋಡಿ ಬೈಟನ್ನೂ ಎಕ್ಸ್‌ಆರ್ ಮಾಡಿ (ಎರಡೂ ಒಂದೇ ಇದ್ದರೆ ಸೊನ್ನೆ ಬರುತ್ತದೆ), ಬಂದದ್ದನ್ನೆಲ್ಲ ಒಂದು ವೇರಿಯಬಲ್‌ಗೆ ಆರ್ ಮಾಡುತ್ತಾ ಹೋಗಿ, ನಡುವೆ ಎಲ್ಲೂ ನಿಲ್ಲಬೇಡಿ. ಕೊನೆಗೆ ಅದು ಸೊನ್ನೆಯಾ ನೋಡಿ. ಓಪನ್‌ಎಸ್‌ಎಸ್‌ಎಲ್‌ನ ‘ಕ್ರಿಪ್ಟೊ ಮೆಮ್‌ಕಂಪ್’, ಓಪನ್‌ಬಿಎಸ್‌ಡಿಯ ‘ಟೈಮಿಂಗ್‌ಸೇಫ್ ಮೆಮ್‌ಕಂಪ್’ ಇರುವುದು ಇದಕ್ಕೇ. ನೀವೇ ಬರೆದರೆ ರಿಲೀಸ್ ಬಿಲ್ಡ್‌ನ ಅಸೆಂಬ್ಲಿ ಒಮ್ಮೆ ತೆರೆದು ನೋಡಿ. ಜಾಣ ಕಂಪೈಲರ್ ನಡುವೆ ನಿಲ್ಲುವ ದಾರಿ ಹುಡುಕಿಕೊಂಡಿರಬಾರದು.

ಆದರೆ ಡೈರಿಯಲ್ಲಿ ನಿಮ್ಮ ಪಿನ್ ಕದಿಯುವವನು ಸಮಯ ಅಳೆಯುವ ಉಪಕರಣ ತರುವುದಿಲ್ಲ. ಸಂಜೆ ಸರದಿ ಮುಗಿದ ಮೇಲೆ ಕೂತು 0000ದಿಂದ ಒತ್ತುತ್ತಾ ಹೋಗುತ್ತಾನೆ, ಅಥವಾ ಆಪರೇಟರ್ ಭುಜದ ಹಿಂದೆ ನಿಂತು ನೋಡುತ್ತಾನೆ. ಐದು ಸಲ ತಪ್ಪಾದರೆ ಹತ್ತು ನಿಮಿಷ ಬಾಗಿಲು ಹಾಕುವ ನಿಯಮ ಹೋಲಿಕೆಯ ಯಾವ ಜಾಣತನಕ್ಕಿಂತಲೂ ಜಾಸ್ತಿ ಕೆಲಸ ಮಾಡುತ್ತದೆ. ಎರಡೂ ಮಾಡಿ, ಇದನ್ನು ಮೊದಲು ಮಾಡಿ. ತಪ್ಪಿನ ಎಣಿಕೆಯನ್ನು ಪಿನ್ ಹೋಲಿಸುವ ಮುಂಚೆಯೇ ಒಂದು ಹೆಚ್ಚಿಸಿ ಫ್ಲ್ಯಾಶ್‌ಗೆ ಬರೆಯಿರಿ, ಸರಿಯಿದ್ದರೆ ಆಮೇಲೆ ಸೊನ್ನೆ ಮಾಡಿ. ಹೋಲಿಸಿದ ಮೇಲೆ ಬರೆಯುವಂತಿದ್ದರೆ, ‘ತಪ್ಪು ಪಿನ್’ ಎಂದು ತೆರೆಯಲ್ಲಿ ಬರುವ ಹೊತ್ತಿಗೆ ಪ್ಲಗ್ ಕಿತ್ತರೆ ಎಣಿಕೆ ಉಳಿಯುವುದಿಲ್ಲ. ಮತ್ತೆ ಆ ಎಣಿಕೆಯನ್ನು ಸೆಟ್ಟಿಂಗ್‌ಗಳ ಪೇಜ್‌ನಲ್ಲೇ ಇಡಬೇಡಿ, ಬೇರೆ ಪೇಜ್ ಕೊಡಿ. ಪಿನ್ ಒತ್ತಿದಾಗಲೆಲ್ಲ ಅಲ್ಲೂ ಒಂದು ಬರವಣಿಗೆ ಖರ್ಚಾಗುತ್ತದೆ.